ಧ್ವಜ ಸುಟ್ಟವನನ್ನು ಅಮೆರಿಕ ಜೈಲಿಗೆ ಏಕೆ ಹಾಕುವುದಿಲ್ಲ?

2025ರ ಆಗಸ್ಟ್ 25ರಂದು ಅಧ್ಯಕ್ಷ ಟ್ರಂಪ್ ಧ್ವಜ ಸುಡುವವರ ವಿರುದ್ಧ ಆದೇಶಕ್ಕೆ ಸಹಿ ಹಾಕಿದ ಮೇಲೆ ಈ ಅಂಕಣಕ್ಕೆ ಒಂದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಿದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಇಲ್ಲಿ ಒಟ್ಟಿಗೆ ಬರೆದು ಮುಗಿಸುತ್ತೇನೆ. ಮೂಲಭೂತ ಹಕ್ಕು ಎಂದರೇನು ಎಂಬಲ್ಲಿಂದ ಶುರುಮಾಡಿ ಎನ್ನುವವರು ಮಕ್ಕಳ ಪೌರನೀತಿ ಪುಸ್ತಕ ತೆರೆಯಬಹುದು.

ಪ್ರಶ್ನೆ: ಸ್ವಂತ ಧ್ವಜವನ್ನೇ ಸುಡಲು ಬಿಡುವ ದೇಶಕ್ಕೆ ದೇಶಭಕ್ತಿ ಎಂಬುದಿದೆಯೇ? ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹಕ್ಕು ಎಂದು ಒಪ್ಪಿದ್ದಾದರೂ ಹೇಗೆ? (ನಿವೃತ್ತ ಅಧ್ಯಾಪಕರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ತೀರ್ಪನ್ನು ಬೈಯುವವರೂ ಹೊಗಳುವವರೂ ಅದನ್ನು ಓದಿರುವುದಿಲ್ಲ ಎಂಬುದೇ ನನ್ನ ತಕರಾರು. 1984ರ ಆಗಸ್ಟ್‌ನಲ್ಲಿ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ಆಗಿನ ಅಧ್ಯಕ್ಷ ರೇಗನ್ ಅವರನ್ನು ಮತ್ತೆ ಅಭ್ಯರ್ಥಿ ಮಾಡಲು ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆದಿತ್ತು. ಅದರ ವಿರುದ್ಧ ಮೆರವಣಿಗೆ ಬಂದವರಲ್ಲಿ ಗ್ರೆಗರಿ ಲೀ ಜಾನ್ಸನ್ ಎಂಬಾತ ನಗರಾಡಳಿತ ಭವನದ ಮುಂದೆ ಧ್ವಜಕ್ಕೆ ಸೀಮೆಎಣ್ಣೆ ಸುರಿದು ಬೆಂಕಿಯಿಟ್ಟ. ಯಾರಿಗೂ ಗಾಯವಾಗಲಿಲ್ಲ. ನೋಡಿದ ಹಲವರ ಮನಸ್ಸು ನೊಂದಿತು. ಟೆಕ್ಸಾಸ್ ಕಾಯ್ದೆಯಡಿ ಅವನಿಗೆ ಒಂದು ವರ್ಷ ಜೈಲು ಮತ್ತು 2,000 ಡಾಲರ್ ದಂಡ ಬಿತ್ತು. 1989ರ ಜೂನ್ 21ರಂದು ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಆ ಶಿಕ್ಷೆ ಸಲ್ಲದು ಎಂದಿತು.

ಕಾರಣ ಕೇಳಿ. ಹರಿದು ಹಳತಾದ ಧ್ವಜವನ್ನು ಗೌರವದಿಂದ ವಿಲೇವಾರಿ ಮಾಡಬೇಕು, ಸುಡುವುದೇ ಉತ್ತಮ ಎಂದು ಅಮೆರಿಕದ ಧ್ವಜ ಸಂಹಿತೆಯೇ ಹೇಳುತ್ತದೆ. ಎಂದಮೇಲೆ ಸುಡುವ ಕ್ರಿಯೆ ಅಪರಾಧವಾಗಿರಲಿಲ್ಲ. ನೋಡಿದವರಿಗೆ ತೀವ್ರವಾಗಿ ನೋಯುತ್ತದೆ ಎಂದು ತಿಳಿದೂ ಸುಟ್ಟರೆ ಮಾತ್ರ ಟೆಕ್ಸಾಸ್‌ನಲ್ಲಿ ಅಪರಾಧ. ಮಾಜಿ ಸೈನಿಕ ಭಕ್ತಿಯಿಂದ ಸುಟ್ಟರೆ ಸೆಲ್ಯೂಟ್, ಜಾನ್ಸನ್ ಸಿಟ್ಟಿನಿಂದ ಸುಟ್ಟರೆ ಸೆರೆಮನೆ. ಬಟ್ಟೆಯೂ ಬೆಂಕಿಯೂ ಒಂದೇ ಆಗಿರುವಾಗ ಸರ್ಕಾರ ದಂಡಿಸುತ್ತಿರುವುದು ಯಾವುದನ್ನು? ಅವನ ಅಭಿಪ್ರಾಯವನ್ನು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್ ಹಿಡಿದ ಎಳೆ ಇದು. ಸಮಾಜಕ್ಕೆ ಅಸಹ್ಯವೆನಿಸಿತು ಎಂಬ ಒಂದೇ ಕಾರಣಕ್ಕೆ ಒಂದು ಅಭಿಪ್ರಾಯವನ್ನು ಸರ್ಕಾರ ನಿಷೇಧಿಸುವಂತಿಲ್ಲ. ಧ್ವಜಕ್ಕಾಗಿ ಈ ನಿಯಮಕ್ಕೆ ವಿನಾಯಿತಿಯನ್ನೂ ಕೊಡಲಾಗದು ಎಂದರು ಅವರು.

ಇದು ಎಡಪಂಥೀಯರ ತೀರ್ಪು ಎಂದು ನನಗೆ ಪತ್ರ ಬರೆಯುವವರು ದಯವಿಟ್ಟು ಸಹಿ ಹಾಕಿದವರ ಹೆಸರು ನೋಡಿ. ಸ್ಕಾಲಿಯಾ ಇದ್ದಾರೆ, ಕೆನಡಿ ಇದ್ದಾರೆ. ಇಬ್ಬರನ್ನೂ ನೇಮಿಸಿದವರು ಜಾನ್ಸನ್ ಯಾರ ವಿರುದ್ಧ ಘೋಷಣೆ ಕೂಗಿದ್ದನೋ ಆ ಬಲಪಂಥೀಯ ರೇಗನ್ ಅವರೇ. ತನ್ನ ಕೈಯಲ್ಲಿದ್ದರೆ ಧ್ವಜ ಸುಡುವವರನ್ನೆಲ್ಲ ಜೈಲಿಗೆ ತಳ್ಳುತ್ತಿದ್ದೆ, ಆದರೆ ತಾನು ರಾಜನಲ್ಲವಲ್ಲ ಎಂದು ಸ್ಕಾಲಿಯಾ ಮುಂದೆ ಸಭೆಗಳಲ್ಲಿ ಹೇಳುತ್ತಿದ್ದರು. ಕೆನಡಿ ಪ್ರತ್ಯೇಕ ಟಿಪ್ಪಣಿ ಬರೆದು, ತಮಗೆ ಇಷ್ಟವಿಲ್ಲದ ತೀರ್ಪನ್ನು ಕಾನೂನು ಸರಿಯಾಗಿದೆ ಎಂಬ ಕಾರಣಕ್ಕೆ ಕೊಡಬೇಕಾಗಿ ಬಂದಿದೆ ಎಂದರು. ಭಿನ್ನಮತದವರೂ ಸಾಮಾನ್ಯರಲ್ಲ. ಧ್ವಜ ಸುಡುವುದು ಮಾತೇ ಅಲ್ಲ, ಬರೀ ಗುಟುರು ಎಂದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಬರೆದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದ ಉದಾರವಾದಿ ಸ್ಟೀವನ್ಸ್ ಕೂಡ ಶಿಕ್ಷೆಯ ಪರವಾಗಿಯೇ ನಿಂತರು. ಪಕ್ಷ ನೋಡಿ ಗೆರೆ ಎಳೆಯುವವರಿಗೆ ಈ ಪ್ರಕರಣ ದಕ್ಕುವುದಿಲ್ಲ.

ದೇಶಭಕ್ತಿ ಎಲ್ಲಿ ಹೋಯಿತು ಎಂದಿರಿ. ಡಲ್ಲಾಸ್‌ನಲ್ಲಿ ಆ ದಿನ ಪ್ರತಿಭಟನಕಾರರು ಚದುರಿದ ಮೇಲೆ ಒಬ್ಬ ಪ್ರತ್ಯಕ್ಷದರ್ಶಿ ಸುಟ್ಟುಳಿದ ಚೂರುಗಳನ್ನು ಆಯ್ದು ಮನೆಗೆ ಒಯ್ದು ಹಿತ್ತಲಲ್ಲಿ ಮಣ್ಣು ಮಾಡಿದ. ಪೊಲೀಸರು ಹೇಳಿದ್ದಲ್ಲ, ಕಾಯ್ದೆ ವಿಧಿಸಿದ್ದೂ ಅಲ್ಲ. ಧ್ವಜ ಸುಡುವವನಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ ಎಂದು ಬ್ರೆನನ್ ತೀರ್ಪಿನಲ್ಲೇ ಅದನ್ನು ಎತ್ತಿ ಹೇಳಿದ್ದಾರೆ. ನನಗೆ ಧ್ವಜ ಸುಡುವವರ ಮೇಲೆ ಎಳ್ಳಷ್ಟೂ ಮಮತೆಯಿಲ್ಲ. ಆದರೆ ಲಾಠಿ ತೋರಿಸಿ ಹೊಡೆಸಿದ ಸೆಲ್ಯೂಟಿಗೆ ಬೆಲೆಯೆಷ್ಟು? ಜಪಾನ್, ಜರ್ಮನಿಗಳ ಮೇಲೆ ಯುದ್ಧ ನಡೆಯುತ್ತಿದ್ದ 1943ರಲ್ಲೇ, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮಕ್ಕಳಿಗೆ ಧ್ವಜವಂದನೆಯನ್ನು ಬಲವಂತ ಮಾಡಬಾರದು ಎಂದು ಅದೇ ಕೋರ್ಟ್ ಹೇಳಿತ್ತು. ಅದೇ ಪಂಥದ ಮೂವರು ಕೇರಳದ ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಅವರು ಗೌರವದಿಂದ ಎದ್ದು ನಿಂತಿದ್ದರು, ಅಷ್ಟು ಸಾಕು ಎಂದಿತು.

ಅಮೆರಿಕನ್ನರು ಸುಮ್ಮನೆ ಒಪ್ಪಿಕೊಂಡರು ಎಂದೂ ಭಾವಿಸಬೇಡಿ. ತೀರ್ಪು ಬಂದ ವರ್ಷವೇ ಸಂಸತ್ತು ಹೊಸ ಧ್ವಜ ರಕ್ಷಣಾ ಕಾಯ್ದೆ ತಂದಿತು. 1990ರಲ್ಲಿ ಕೋರ್ಟ್ ಅದನ್ನೂ ಐದು-ನಾಲ್ಕರಿಂದಲೇ ಅಸಿಂಧುಗೊಳಿಸಿತು. ಆಮೇಲೆ ಸಂವಿಧಾನವನ್ನೇ ತಿದ್ದಲು ಹೊರಟರು. ಕೆಳಮನೆ ಹಲವು ಸಲ ಒಪ್ಪಿತು. 2006ರ ಜೂನ್‌ನಲ್ಲಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಪರವಾಗಿ ಬಿದ್ದ ಮತ 66, ಬೇಕಿದ್ದದ್ದು 67.

ಪ್ರಶ್ನೆ: ಟ್ರಂಪ್ ಆದೇಶದಿಂದ ಆ ತೀರ್ಪು ರದ್ದಾಗಿದೆ, ಸುಟ್ಟರೆ ಒಂದು ವರ್ಷ ಜೈಲು ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವೇ? (ಶಿವಮೊಗ್ಗ)

ಉತ್ತರ: ಸುಳ್ಳು. ಅಧ್ಯಕ್ಷರ ಆದೇಶ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಲಾರದು. ಒಂದು ವರ್ಷ ಜೈಲು ಎಂದು ಟ್ರಂಪ್ ಬಾಯಲ್ಲಿ ಹೇಳಿದ್ದು ಹೌದು, ಆದೇಶದ ಪಠ್ಯದಲ್ಲಿ ಅದಿಲ್ಲ. ಆಸ್ತಿಪಾಸ್ತಿ ಹಾನಿ, ಬಯಲಲ್ಲಿ ಬೆಂಕಿ ಹಚ್ಚುವುದು ಮುಂತಾದ ಬೇರೆ ಕಾನೂನುಗಳನ್ನು ಧ್ವಜ ಸುಟ್ಟವರ ಮೇಲೆ ಬಿಗಿಯಾಗಿ ಬಳಸಿ ಎಂಬುದು ಅದರ ತಿರುಳು. ಅಂದೇ ಶ್ವೇತಭವನದ ಎದುರಿನ ಲಫಾಯೆಟ್ ಉದ್ಯಾನದಲ್ಲಿ ಒಬ್ಬ ಮಾಜಿ ಸೈನಿಕ ಧ್ವಜ ಸುಟ್ಟಾಗ ಹಿಡಿದದ್ದೂ ಉದ್ಯಾನದಲ್ಲಿ ಬೆಂಕಿ ಹಚ್ಚಿದ್ದಕ್ಕೆ.

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿ ಎಂಎಸ್ ಓದುತ್ತಿದ್ದಾನೆ, ಪ್ರತಿಭಟನೆಗಳಿಗೆ ಹೋಗುತ್ತಾನೆ. ಧ್ವಜ ಸುಡುವುದು ಹಕ್ಕು ಎನ್ನುತ್ತಾನೆ. ಭಯವಾಗುತ್ತದೆ. (ತಾಯಿ, ಹಾಸನ)

ಉತ್ತರ: ಅಮ್ಮಾ, ಮಗ ಹೇಳುವುದು ಸುಳ್ಳಲ್ಲ, ನಿಮ್ಮ ಭಯವೂ ಸುಳ್ಳಲ್ಲ. ಜಾನ್ಸನ್ ಅಮೆರಿಕದ ಪ್ರಜೆ; ನಿಮ್ಮ ಮಗ ವೀಸಾದ ಮೇಲಿದ್ದಾನೆ. ಧ್ವಜಕ್ಕೆ ಅಗೌರವ ತೋರಿದ ವಿದೇಶಿಯರ ವೀಸಾವನ್ನು ಕಾನೂನು ಅನುಮತಿಸುವಲ್ಲೆಲ್ಲ ರದ್ದು ಮಾಡಿ ಎಂದು ಅದೇ ಆದೇಶ ಹೇಳುತ್ತದೆ. ಕಾನೂನು ಎಷ್ಟು ಅನುಮತಿಸುತ್ತದೆ ಎಂಬ ವಾದವನ್ನು ಕೋರ್ಟಿನಲ್ಲಿ ಗೆಲ್ಲಬಹುದೇನೋ. ಅಷ್ಟರಲ್ಲಿ ಪದವಿ ಕೈತಪ್ಪಿರುತ್ತದೆ. ಬಾಯಲ್ಲಿ ಏನು ಬೇಕಾದರೂ ಟೀಕಿಸಲಿ, ಬೆಂಕಿಪೊಟ್ಟಣದ ಹತ್ತಿರ ನಿಲ್ಲದಿರಲಿ, ಸುಡುವವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳದಿರಲಿ. ನನ್ನದು ಹೇಡಿಯ ಸಲಹೆ ಎಂದು ಅವನು ನಗಬಹುದು, ನಗಲಿ.

ಇನ್ನೊಂದು ಮಾತು. ಹಣ ಪಡೆದು ಹಳೆಯ ಪೋಸ್ಟ್ ಅಳಿಸಿ, ಖಾತೆಯ ಹೆಸರನ್ನೇ ಮರೆಮಾಚಿ ವೀಸಾ ಅರ್ಜಿ ತುಂಬಿಕೊಡುವ ಏಜೆಂಟರು ಊರೂರಲ್ಲಿ ಹುಟ್ಟಿಕೊಂಡಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣ ಖಾತೆಗಳನ್ನು ಅರ್ಜಿ ಕೇಳುತ್ತದೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು. ಏಜೆಂಟನಿಗೆ ಏನೂ ಆಗುವುದಿಲ್ಲ.

ಪ್ರಶ್ನೆ: ಧ್ವಜ ಸುಟ್ಟ ಅಮೆರಿಕನ್ನರ ಪೌರತ್ವ ಕಿತ್ತುಕೊಳ್ಳಬಹುದೇ? (ಮೈಸೂರು)

ಉತ್ತರ: ಇಲ್ಲ, ಪ್ರಜೆಯ ಸಮ್ಮತಿಯಿಲ್ಲದೆ ಪೌರತ್ವ ಕಸಿಯುವಂತಿಲ್ಲ ಎಂದು 1967ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ.

ಪ್ರಶ್ನೆ: ನಮಗೂ ವಾಕ್ ಸ್ವಾತಂತ್ರ್ಯವಿದೆ. ಇಲ್ಲಿ ಸುಟ್ಟರೆ? (ಕಾನೂನು ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಕಾನೂನು ವಿದ್ಯಾರ್ಥಿ ಇದನ್ನು ಕೇಳುತ್ತಿರುವುದೇ ಚಿಂತೆಯ ವಿಷಯ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971, ಎರಡನೆಯ ಸೆಕ್ಷನ್: ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಧ್ವಜವನ್ನು ಗೌರವದಿಂದ ಹಾರಿಸುವುದು ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯ ಹಕ್ಕು ಎಂದು 2004ರಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಕೋರ್ಟ್ ಹೇಳಿತೇ ಹೊರತು ಸುಡುವುದನ್ನಲ್ಲ. ಆದರೆ ಅದೇ ಸೆಕ್ಷನ್ನಿನ ವಿವರಣೆಯನ್ನೂ ಓದಿ: ಕಾನೂನುಬದ್ಧ ಮಾರ್ಗದಲ್ಲಿ ಬದಲಾವಣೆ ತರುವ ಉದ್ದೇಶದಿಂದ ಸರ್ಕಾರವನ್ನು, ಸಂವಿಧಾನವನ್ನು, ಕೊನೆಗೆ ಧ್ವಜವನ್ನೂ ಟೀಕಿಸುವುದು ಅಪರಾಧವಲ್ಲ. ಟೀಕಿಸಿದವರನ್ನೆಲ್ಲ ದೇಶದ್ರೋಹಿ ಎಂದು ಕೂಗುವವರು ಈ ಸಾಲನ್ನು ನೋಡಿಯೇ ಇಲ್ಲ.

ಪ್ರಶ್ನೆ: ಆಗಸ್ಟ್ 15ಕ್ಕೆ ಕಟ್ಟಿದ ಧ್ವಜ ಹರಿದಿದೆ. ಏನು ಮಾಡಲಿ?

ಉತ್ತರ: ಖಾಸಗಿಯಾಗಿ, ಇಡಿಯಾಗಿ, ಗೌರವದಿಂದ ಸುಡಿ; ಭಾರತದ ಧ್ವಜ ಸಂಹಿತೆಯೂ ಅದನ್ನೇ ಹೇಳುತ್ತದೆ. ವಿಡಿಯೊ ಮಾಡಬೇಡಿ.

ಪ್ರಶ್ನೆ: ಕನ್ನಡ ಬಾವುಟ ಸುಟ್ಟವರ ಮೇಲೆ 1971ರ ಕಾಯ್ದೆ ಹಾಕಲು ಪೊಲೀಸರು ಹಿಂಜರಿಯುವುದೇಕೆ? (ಬೆಳಗಾವಿ)

ಉತ್ತರ: ಧ್ವಜಗಳ ಪೈಕಿ ಆ ಕಾಯ್ದೆ ರಾಷ್ಟ್ರಧ್ವಜಕ್ಕೆ ಮಾತ್ರ. 2018ರ ಮಾರ್ಚ್‌ನಲ್ಲಿ ರಾಜ್ಯ ಸಂಪುಟ ನಾಡಧ್ವಜದ ವಿನ್ಯಾಸವನ್ನು ಒಪ್ಪಿದರೂ ಕೇಂದ್ರದ ಅನುಮೋದನೆ ಸಿಗಲಿಲ್ಲ. 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ನಮ್ಮ ಬಾವುಟ ಸುಟ್ಟಾಗ ನನಗೂ ರಕ್ತ ಕುದಿದಿತ್ತು, ಆದರೆ ಕುದಿಯುವ ರಕ್ತದಿಂದ ದೂರು ಬರೆಯಲಾಗುವುದಿಲ್ಲ. ಭಾಷೆಯ ಆಧಾರದಲ್ಲಿ ದ್ವೇಷ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೆಯ ಸೆಕ್ಷನ್ ಪ್ರಕಾರ ಅಪರಾಧ. ಬಾವುಟ ಸುಟ್ಟ ಹಿನ್ನೆಲೆ, ಆಗ ಕೂಗಿದ ಮಾತು, ಸೇರಿದ್ದ ಜನ, ಇವನ್ನೆಲ್ಲ ದೂರಿನಲ್ಲಿ ವಿವರವಾಗಿ ಬರೆದು ಆ ಸೆಕ್ಷನ್ ಕೇಳಿ. ಠಾಣೆಯ ಮುಂದೆ ಟೈರ್ ಸುಟ್ಟರೆ ಮೊದಲ ಪ್ರಕರಣ ನಿಮ್ಮ ಮೇಲೆಯೇ ದಾಖಲಾಗುತ್ತದೆ.