ತಾರಸಿಗೆ ಮಣ್ಣು ಹರವಿ ಹುಲ್ಲು ಬೆಳೆಸಿದರೆ ಮನೆ ತಂಪಾಗುತ್ತದೆಯೇ?

ಹಾಸನದಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಮೇಲಿನ ಮಹಡಿ ಏಪ್ರಿಲ್‌ನಲ್ಲಿ ಕಾವಲಿಯಂತೆ ಕಾಯುತ್ತದೆ ಎಂದಿದ್ದೀರಿ. ಹಸಿರು ತಾರಸಿಯಿಂದ ಕೆಳಗಿನ ಕೋಣೆ ಖಂಡಿತ ತಂಪಾಗುತ್ತದೆ. ಆದರೆ ಮೊದಲು ತಾರಸಿಯ ತಾಕತ್ತು ನೋಡಬೇಕು.

ತಂಪಿಗೆ ಕಾರಣ ನೆರಳೊಂದೇ ಅಲ್ಲ, ನೀರು ಆವಿಯಾಗುವುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಎಲೆಯೂ ಮಣ್ಣೂ ಅದನ್ನು ಬಿಸಿಲಿನಿಂದ ಎಳೆದುಕೊಳ್ಳುವುದರಿಂದ ಕಾಂಕ್ರೀಟಿಗೆ ಉಳಿಯುವ ಪಾಲು ಕಡಿಮೆ. ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ. ಬೇಸಿಗೆಯಲ್ಲಿ ಹುಲ್ಲನ್ನು ಒಣಗಲು ಬಿಟ್ಟರೆ ಲಾಭದ ಬಹುಪಾಲು ಹೋಯಿತೆಂದೇ ಲೆಕ್ಕ.

ಮಳೆಯ ನೀರನ್ನೂ ಈ ಮಣ್ಣು ಹಿಡಿದಿಟ್ಟು ನಿಧಾನವಾಗಿ ಚರಂಡಿಗೆ ಬಿಡುತ್ತದೆ. ಸಕಲೇಶಪುರದ ಜುಲೈ ಮಳೆಗೆ ಮಾತ್ರ ಇದನ್ನು ನಂಬಬೇಡಿ. ಒಮ್ಮೆ ತೊಯ್ದು ತುಂಬಿದ ಮಣ್ಣು ಮತ್ತೆ ಹೀರುವುದಿಲ್ಲ.

ನಿಜವಾದ ತಲೆನೋವು ಭಾರ. 10 ಸೆಂ.ಮೀ. ದಪ್ಪದ ನೆನೆದ ತೋಟದ ಮಣ್ಣು ಚದರ ಮೀಟರಿಗೆ 150 ಕಿಲೋ ದಾಟುತ್ತದೆ. ಜನ ಓಡಾಡುವ ತಾರಸಿಗೆ ನಮ್ಮ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಹೆಚ್ಚುವರಿ ಭಾರವೇ ಅಷ್ಟು. ಆದ್ದರಿಂದ ನಕ್ಷೆ ತೋರಿಸಿ ಕೇಳಿ, ತೆಂಗಿನ ನಾರಿನ ಪುಡಿ ಬೆರೆಸಿ ಮಣ್ಣನ್ನು ಹಗುರ ಮಾಡಿ. ಅಡಿಯಲ್ಲಿ ನೀರು ಸೋರದ ಪದರ, ಅದರ ಮೇಲೆ ಬೇರು ತಡೆಯುವ ಹಾಳೆ ಇರಲೇಬೇಕು. ಪ್ಯಾರಪೆಟ್ಟಿನ ಕೂದಲೆಳೆಯಂಥ ಬಿರುಕಿನಲ್ಲಿ ಎರಡೆಲೆಯ ಅರಳಿ ಸಸಿ ಇಣುಕುವುದನ್ನು ನೀವೂ ನೋಡಿರುತ್ತೀರಿ. ಅದನ್ನು ಯಾರೂ ನೆಟ್ಟದ್ದಲ್ಲ.