ಪ್ರತಿಕ್ರಿಯೆ: ಸಿನಿಮಾದ ಜಗ್ಗರ್ ಆಡಲು ಹೋದರೆ ‘ಔಟ್’ ಯಾರೂ ಒಪ್ಪುವುದಿಲ್ಲ, ಏನು ಮಾಡಲಿ?

ಜಗ್ಗರ್ ಎಂದರೆ ಎರಡು ತಂಡಗಳು ಆಯುಧ ಹಿಡಿದು ಹೊಡೆದಾಡುತ್ತ, ನಡುವೆ ಇಟ್ಟ ವಸ್ತುವನ್ನು ಎದುರಾಳಿಯ ಗುರಿಯಲ್ಲಿ ಊರಲು ನೋಡುವ ಆಟ. ನಿಮ್ಮಲ್ಲಿ ಏಟು ತಿಂದವನು ಎಷ್ಟು ಹೊತ್ತು ಹೊರಗಿರಬೇಕು ಎಂಬುದನ್ನು ಎಲ್ಲರಿಗೂ ಕೇಳುವಂತೆ ಯಾರೂ ಎಣಿಸುತ್ತಿಲ್ಲ. ಜಗಳದ ಮೂಲ ಬಹುಶಃ ಅದೇ. ಈ ಆಟವಿರುವ 1989ರ ‘ದಿ ಬ್ಲಡ್ ಆಫ್ ಹೀರೋಸ್’ ಚಿತ್ರದಲ್ಲಿ ಏಟು ಬಿದ್ದವನು ನಿಜವಾಗಿಯೇ ನೆಲಕ್ಕುರುಳುತ್ತಾನೆ. ನಿಮ್ಮ ಮೈದಾನದಲ್ಲಿ ಆ ಕೆಲಸವನ್ನು ನಿಯಮವೇ ಮಾಡಬೇಕು.

ಮೊದಲು ಒಂದು ಡೋಲು ತನ್ನಿ. ಜರ್ಮನಿಯಲ್ಲಿ ಈ ಆಟ ಬೆಳೆದದ್ದೇ ಪ್ರತಿ ಒಂದೂವರೆ ಸೆಕೆಂಡಿಗೆ ಬೀಳುವ ಬಡಿತದ ಮೇಲೆ. ಮೊಬೈಲಿನ ಮೆಟ್ರೊನೋಮನ್ನು (ಸಮನಾಗಿ ತಾಳ ಹಾಕುವ ಆ್ಯಪ್) ನಿಮಿಷಕ್ಕೆ 40 ಬಡಿತಕ್ಕೆ ಇಟ್ಟು, ಅದನ್ನು ಕೇಳುತ್ತ ಒಬ್ಬರು ಬಡಿಯಲಿ. ಏಟು ತಗುಲಿದವನು ಮಂಡಿಯೂರಿ ಐದು ಬಡಿತ ಎಣಿಸಿ ಏಳಬೇಕು. ಇಬ್ಬರಿಗೂ ಒಟ್ಟಿಗೇ ತಗುಲಿದರೆ ಇಬ್ಬರೂ ಮಂಡಿಯೂರಲಿ. ತಲೆಗೆ, ಕುತ್ತಿಗೆಗೆ ಬಿದ್ದ ಏಟು ಲೆಕ್ಕಕ್ಕಿಲ್ಲ.

ಆಮೇಲೆ ಆಯುಧ. ಪಿವಿಸಿ ಕೊಳವೆಗೆ ದಪ್ಪ ಫೋಮ್ ಸುತ್ತಿ, ತುದಿಯಲ್ಲಿ ಕೊಳವೆಯನ್ನು ದಾಟಿ ಫೋಮ್ ಒಂದು ಗೇಣಾದರೂ ಮುಂದೆ ಚಾಚಿರಲಿ; ತಿವಿತದಿಂದ ಗಾಯವಾಗಬಹುದು. ಸಿನಿಮಾದಲ್ಲಿ ಬೀಸುವ ಸರಪಳಿ ಆಯುಧದ ಆಸೆಯನ್ನು ಸದ್ಯಕ್ಕೆ ಬಿಡಿ. ನೋಡಲು ಅದೇ ಚೆಂದ, ಒಪ್ಪುತ್ತೇನೆ, ಆದರೆ ಹೊಸಬರ ಕೈಯಲ್ಲಿ ಅದು ಯಾರಿಗೆ ಬಡಿಯುತ್ತದೆಂದು ಹೇಳಲಾಗದು.

ತಂಡಕ್ಕೆ ಐವರು: ನಾಲ್ವರಿಗೆ ಆಯುಧ, ಬರಿಗೈಯ ಓಟಗಾರ ಒಬ್ಬ. ಸಿನಿಮಾದಲ್ಲಿರುವ ನಾಯಿಯ ತಲೆಬುರುಡೆಯ ಬದಲು ಫೋಮಿನ ಉಂಡೆಯನ್ನು ನಡುವೆ ಇಡಿ. ಅದನ್ನು ಓಟಗಾರ ಮಾತ್ರ ಹಿಡಿದು ಎದುರಾಳಿಯ ಗುರಿಯಲ್ಲಿ ಊರಿದರೆ ಒಂದು ಅಂಕ. ಮತ್ತೆ ಎರಡೂ ತಂಡ ತಮ್ಮ ತುದಿಯಿಂದ ಶುರು. 100 ಬಡಿತಕ್ಕೆ ಅರ್ಧಾವಧಿ.

ಇಷ್ಟಾದ ಮೇಲೂ ಜಗಳ ನಿಲ್ಲದಿದ್ದರೆ ಆಯುಧಧಾರಿಗಳನ್ನು ತಂಡಕ್ಕೆ ಇಬ್ಬರಿಗೆ ಇಳಿಸಿ ಆಡಿಸಿ ನೋಡಿ.