35 ಗಂಟೆಯ ಸಿಪಿಡಿ ಒಂದೇ ವಾರದಲ್ಲಿ ಮುಗಿಸಲು ಯಾವ ಆನ್‌ಲೈನ್ ಕೋರ್ಸ್ ಒಳ್ಳೆಯದು?

ಯಾವುದೂ ಬೇಡ. ಬ್ರಿಟನ್ನಿನಲ್ಲಿ ನರ್ಸ್, ಫೆಬ್ರವರಿಯಲ್ಲಿ ಮೊದಲ ರೀವ್ಯಾಲಿಡೇಶನ್ (ನೋಂದಣಿಯ ನವೀಕರಣ), ಅದಕ್ಕೆ ಬೇಕಾದ 35 ಗಂಟೆಯ ಸಿಪಿಡಿಯಲ್ಲಿ, ಎಂದರೆ ವೃತ್ತಿಯಲ್ಲಿದ್ದುಕೊಂಡೇ ಮಾಡುವ ಕಲಿಕೆಯಲ್ಲಿ, ಒಂದೂ ಆಗಿಲ್ಲ, ದುಡ್ಡು ಹೋದರೂ ಸರಿ ಬೇಗ ಮುಗಿಯಬೇಕು ಎಂದು ಬರೆದಿದ್ದೀರಿ. ಓದುವಾಗ 2024ರ ಆಗಸ್ಟ್ ತಿಂಗಳ ನಾನೇ ಕಣ್ಣ ಮುಂದೆ ಬಂದೆ. ಆದರೆ ‘ಒಂದೂ ಆಗಿಲ್ಲ’ ಎಂಬ ಮಾತನ್ನು ನಾನು ನಂಬುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವಳು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ, ನಂತರ ಇಲ್ಲಿಗೆ ಬಂದು ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಿದೆ. 2021ರ ಸೆಪ್ಟೆಂಬರ್‌ನಲ್ಲಿ ಪಿನ್, ಎಂದರೆ ನೋಂದಣಿ ಸಂಖ್ಯೆ, ಸಿಕ್ಕಿತು. ಮೂರು ವರ್ಷಕ್ಕೊಮ್ಮೆ ಇಲ್ಲಿನ ನರ್ಸಿಂಗ್ ಮಂಡಳಿಯಾದ ಎನ್‌ಎಂಸಿಗೆ ಲೆಕ್ಕ ಒಪ್ಪಿಸಬೇಕು ಎಂದು ಅಂದೇ ಗೊತ್ತಿತ್ತು. ಲೆಕ್ಕ ಒಪ್ಪಿಸುವುದರಲ್ಲಿ ನಾನು ಜಾಣೆ ಎಂದೂ ಅಂದುಕೊಂಡಿದ್ದೆ. ರಾತ್ರಿ ಪಾಳಿ ಮುಗಿದು ನಿದ್ದೆ ಬಾರದ ದಿನ ಲ್ಯಾಪ್‌ಟಾಪ್ ತೆರೆದು ಒಂದು ಇ-ಲರ್ನಿಂಗ್ ಮುಗಿಸುವುದು, ಕೊನೆಯ ಹತ್ತು ಪ್ರಶ್ನೆಗಳಿಗೆ ಟಿಕ್ ಹಾಕುವುದು, ಸರ್ಟಿಫಿಕೇಟ್ ಮುದ್ರಿಸಿ ಪ್ಲಾಸ್ಟಿಕ್ ಫೋಲ್ಡರಿಗೆ ಸೇರಿಸುವುದು. ಹೀಗೆ ಮೂರು ವರ್ಷದಲ್ಲಿ 26 ಸರ್ಟಿಫಿಕೇಟ್, 43 ಗಂಟೆ. ಬೇಕಾದದ್ದು 35 ತಾನೇ? ಎಂಟು ಗಂಟೆ ಹೆಚ್ಚೇ ಇದೆ ಎಂಬ ಹಮ್ಮಿನಲ್ಲಿ ಊರಿಗೆ ಟಿಕೆಟ್ ತೆಗೆದೆ. ಆಗಸ್ಟ್ 25ರ ಭಾನುವಾರ ತಂಗಿಯ ಸೀಮಂತ.

ಆಗಸ್ಟ್ 9ರಂದು ಫೋಲ್ಡರ್ ಹಿಡಿದುಕೊಂಡು ವಾರ್ಡ್ ಮ್ಯಾನೇಜರ್ ಹತ್ತಿರ ಹೋದೆ. ನನ್ನ ಕಾಗದಪತ್ರ ನೋಡಿ ‘ಕನ್ಫರ್ಮ್’ ಮಾಡಬೇಕಾದವರು ಅವರೇ. ಆಕೆ ಮಾತಾಡದೆ ಹಾಳೆಗಳನ್ನು ಹೊರತೆಗೆದು ಇಸ್ಪೀಟಿನ ಎಲೆ ಹಂಚಿದಂತೆ ಮೇಜಿನ ಮೇಲೆ ಮೂರು ಗುಡ್ಡೆ ಮಾಡತೊಡಗಿದರು. ಬೆಂಕಿ ಸುರಕ್ಷತೆ ಎಡಕ್ಕೆ. ಕಂಪ್ಯೂಟರ್ ಮುಂದೆ ಹೇಗೆ ಕೂರಬೇಕು ಎಂಬುದು ಎಡಕ್ಕೆ. ರೋಗಿಯನ್ನು ಎತ್ತಿ ಕೂರಿಸುವ ತರಬೇತಿ ನಡುವೆ. ಸಕ್ಕರೆ ಕಾಯಿಲೆ ನಡುವೆ. ಬಲಗಡೆಯ ಗುಡ್ಡೆಗೆ ಬಿದ್ದದ್ದು ಒಂದೇ ಹಾಳೆ: ನಂಜಿನ (ಸೆಪ್ಸಿಸ್) ಕುರಿತು ನಡೆದ ಮೂರು ಗಂಟೆಯ ಆನ್‌ಲೈನ್ ಸಭೆ. ಅದರಲ್ಲಿ ನಮ್ಮನ್ನು ಗುಂಪು ಮಾಡಿ ಚರ್ಚೆಗೆ ಬಿಟ್ಟಿದ್ದರು.

ಈ ಗುಡ್ಡೆಗಳ ಲೆಕ್ಕವನ್ನು ದಯವಿಟ್ಟು ಎರಡು ಸಲ ಓದಿ. ನಾನು ಮೂರು ವರ್ಷದಲ್ಲಿ ಒಂದು ಸಲವೂ ಓದಿರಲಿಲ್ಲ.

ಎಡಗಡೆಯದು ಕಡ್ಡಾಯ ತರಬೇತಿ. ಕಡ್ಡಾಯ ಎಂಬ ಒಂದೇ ಕಾರಣಕ್ಕೆ ಅದು ತಿರಸ್ಕಾರವಾಗುವುದಿಲ್ಲ. ನಿಮ್ಮ ನರ್ಸಿಂಗ್ ಕೆಲಸಕ್ಕೆ ನೇರ ಸಂಬಂಧವಿಲ್ಲದ ಕಡ್ಡಾಯ ತರಬೇತಿಯನ್ನು 35 ಗಂಟೆಗೆ ಸೇರಿಸುವ ಹಾಗಿಲ್ಲ, ಅಷ್ಟೆ. ಆದ್ದರಿಂದಲೇ ರೋಗಿಯನ್ನು ಎತ್ತುವುದು ಉಳಿಯಿತು, ಬೆಂಕಿ ಆರಿಸುವುದು ಹೋಯಿತು. ಅಲ್ಲಿಗೆ 11 ಗಂಟೆ ಕಳೆದು 32 ಉಳಿಯಿತು. ಅದೂ ದೊಡ್ಡ ವಿಷಯವಲ್ಲ, ಇನ್ನು ಮೂರು ಗಂಟೆಯನ್ನು ಒಂದು ಮಧ್ಯಾಹ್ನದಲ್ಲಿ ಸೇರಿಸಬಹುದಿತ್ತು. ನನ್ನ ಕುತ್ತಿಗೆಗೆ ಬಂದದ್ದು ಬಲಗಡೆಯ ಗುಡ್ಡೆ. 35ರಲ್ಲಿ 20 ಗಂಟೆ ‘ಪಾರ್ಟಿಸಿಪೇಟರಿ’ ಆಗಿರಬೇಕು, ಎಂದರೆ ಬೇರೆಯವರ ಜೊತೆ ಮಾತಾಡಿ, ಕೇಳಿ, ಮಾಡಿ ಕಲಿತದ್ದಾಗಿರಬೇಕು. ಎಲ್ಲರೂ ಒಂದೇ ಕೋಣೆಯಲ್ಲಿರಬೇಕೆಂದಿಲ್ಲ, ಆನ್‌ಲೈನ್ ಚರ್ಚೆಯೂ ಆಗುತ್ತದೆ. ಆದರೆ ಒಬ್ಬಳೇ ಹಾಸಿಗೆಯಲ್ಲಿ ಕೂತು ಬಿಸ್ಕತ್ತು ತಿನ್ನುತ್ತ ಒತ್ತಿದ ‘ನೆಕ್ಸ್ಟ್’ ಬಟನ್ ಆಗುವುದಿಲ್ಲ. ನನ್ನ ಹತ್ತಿರ 20ಕ್ಕೆ ಇದ್ದದ್ದು 3.

ನೀವು ಹುಡುಕುತ್ತಿರುವ ವಾರದ ಕೋರ್ಸ್ ಕೊಡುವುದೂ ಹೆಚ್ಚಾಗಿ ಇದೇ ನಡುವಿನ ಗುಡ್ಡೆಯನ್ನು, ಎಂದರೆ 35ಕ್ಕೆ ಸೇರುವ, ಆದರೆ ಒಬ್ಬರೇ ಕೂತು ಕಲಿತ ಗಂಟೆಗಳನ್ನು. ಜಾಹೀರಾತಿನಲ್ಲಿ ‘35 ಗಂಟೆ’ ಎಂದು ದಪ್ಪಕ್ಷರದಲ್ಲಿರುತ್ತದೆ, 20ರ ವಿಷಯ ಇರುವುದಿಲ್ಲ.

ಊಟದ ಕೋಣೆಯಲ್ಲಿ ಅಳುತ್ತ ಕೂತಿದ್ದಾಗ ಕೋಟ್ಟಯಂ ಕಡೆಯ ಹಿರಿಯ ನರ್ಸ್ ಒಬ್ಬರು, ಎಲ್ಲರೂ ಚೇಚಿ (ಅಕ್ಕ) ಎನ್ನುವವರು, ಚಹಾ ತಂದುಕೊಟ್ಟು ಹೇಳಿದರು: “20 ಎಂದು ಬರೆದು ಕಳಿಸು, ಯಾರು ನೋಡುತ್ತಾರೆ?” ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಎನ್‌ಎಂಸಿ ಪ್ರತಿ ಸಲವೂ ಕೆಲವರನ್ನು ಆರಿಸಿ ಹೆಚ್ಚಿನ ವಿವರ ಕೇಳುತ್ತದೆ. ಗಂಟೆ ಕಡಿಮೆಯಾದರೆ ತುಂಬಿಸಿಕೊಳ್ಳಬಹುದು, ಸುಳ್ಳು ಬರೆದು ಸಿಕ್ಕಿಬಿದ್ದರೆ ಪಿನ್ನಿಗೇ ಕುತ್ತು. ಯಾರಾದರೂ ನಿಮಗೂ ಇದನ್ನು ಹೇಳುತ್ತಾರೆ. ಚಹಾ ಕುಡಿಯಿರಿ, ಸಲಹೆ ಬಿಡಿ.

ಈಗ ನಿಮ್ಮ ‘ಒಂದೂ ಆಗಿಲ್ಲ’ಕ್ಕೆ ಬರುತ್ತೇನೆ. ಮ್ಯಾನೇಜರ್ ನನ್ನನ್ನು ಕೇಳಿದರು: “ಇನ್ಸುಲಿನ್ ಪೆನ್ ಬದಲಾದಾಗ ಡಯಾಬಿಟಿಸ್ ನರ್ಸ್ ಬಂದು ತೋರಿಸಿದರಲ್ಲ, ಆ ದಿನ ನೀನು ಎಲ್ಲಿದ್ದೆ?” ಅಲ್ಲೇ ಇದ್ದೆ. ಮುಂದೆ ನಿಂತು ಪ್ರಶ್ನೆಯನ್ನೂ ಕೇಳಿದ್ದೆ. ಮುಕ್ಕಾಲು ಗಂಟೆ. ಬರೆದಿಟ್ಟಿರಲಿಲ್ಲ, ಏಕೆಂದರೆ ಅದಕ್ಕೆ ಸರ್ಟಿಫಿಕೇಟ್ ಇರಲಿಲ್ಲ. ನಮ್ಮ ಕಡೆ ಶಾಲೆಯಿಂದಲೂ ಹಾಗೆಯೇ ಅಲ್ಲವೇ, ಮುದ್ರೆ ಬೀಳದ್ದು ಕಲಿಕೆಯಲ್ಲ. ಹಳೆಯ ಹಾಜರಿ ಹಾಳೆಗಳನ್ನು ತಿರುವಿ ಹಾಕಿ, ನನ್ನ ಸಹಿ ಇದ್ದ ಪಾಠಗಳನ್ನೆಲ್ಲ ಕೂಡಿಸಿದಾಗ ಐದು ಗಂಟೆ ಸಿಕ್ಕಿತು. ಸಹಿ ಹಾಕದೆ ಓಡಿಹೋದ ಪಾಠಗಳು ಅದಕ್ಕಿಂತ ಹೆಚ್ಚಿದ್ದವು.

3 ಮತ್ತು 5, ಎಂಟು. ಇನ್ನು ಹನ್ನೆರಡು. ಅರ್ಜಿ ಸಲ್ಲಿಸುವ ದಿನ ಸೆಪ್ಟೆಂಬರ್ 1. (ನೋಂದಣಿ ಮುಗಿಯುವುದು ತಿಂಗಳ ಕೊನೆಗೆ, ಅರ್ಜಿಯ ಗಡುವು ಅದೇ ತಿಂಗಳ ಮೊದಲ ದಿನ. ಇದನ್ನೂ ಬಹಳ ಜನ ತಪ್ಪು ತಿಳಿಯುತ್ತಾರೆ. ನೀವು ಫೆಬ್ರವರಿ ಎಂದಿದ್ದೀರಿ, ಅದನ್ನು ಫೆಬ್ರವರಿ 1 ಎಂದು ಓದಿಕೊಳ್ಳಿ.) ಅಷ್ಟರೊಳಗೆ ಜಾಗ ಇದ್ದ ಆರಾರು ಗಂಟೆಯ ಕಲಿಕಾ ದಿನಗಳು ಎರಡೇ: ಆಗಸ್ಟ್ 23ರ ಶುಕ್ರವಾರ, 27ರ ಮಂಗಳವಾರ. ಸೀಮಂತ ಸರಿಯಾಗಿ ನಡುವೆ.

ಅಮ್ಮನಿಗೆ ಫೋನ್ ಮಾಡಿದೆ. “ಮೂರು ವರ್ಷದಿಂದ ಪರೀಕ್ಷೆ ಬರೆಯುತ್ತಲೇ ಇದ್ದೀಯಲ್ಲೇ, ಇನ್ನೂ ಪಾಸಾಗಲಿಲ್ಲವಾ?” ಎಂದರು. ವಿವರಿಸಲು ಹೋಗಲಿಲ್ಲ. ಟಿಕೆಟ್ಟಿನ ದುಡ್ಡಿನಲ್ಲಿ ಕಾಲು ಭಾಗವೂ ವಾಪಸು ಬರಲಿಲ್ಲ. 25ರಂದು ರಾತ್ರಿ ಪಾಳಿಯ ಕೊನೆಯಲ್ಲಿ, ಅಲ್ಲಿ ಹನ್ನೊಂದು, ನನಗೆ ಬೆಳಗಿನ ಆರೂವರೆ, ಐದು ನಿಮಿಷ ವಿಡಿಯೋ ಕಾಲ್ ಮಾಡಿದೆ. ಹಸಿರು ಬಳೆ ತೊಟ್ಟ ತಂಗಿಯ ಕೈ ಕಾಣುವಷ್ಟರಲ್ಲಿ ಚಿತ್ರ ನಿಂತಿತು. ಮಡಿಲು ತುಂಬಿದ್ದು ಅತ್ತೆಯ ಮಗಳು.

ಇಷ್ಟಾದರೂ ಆ ಶುಕ್ರವಾರದ ಪಾಠವನ್ನು ನಾನು ಬೈಯಲಾರೆ. ವಿಷಯ ಒತ್ತುಹುಣ್ಣು. ಪಾಠ ಮಾಡಿದ ನರ್ಸ್ ಮೂರು ಹಿಮ್ಮಡಿಗಳ ಚಿತ್ರ ಹಂಚಿ, ಯಾವುದರಲ್ಲಿ ಹುಣ್ಣು ಶುರುವಾಗಿದೆ ಎಂದು ಕೇಳಿದರು. ಎಲ್ಲರೂ ಕೆಂಪಗಿದ್ದ ಬಿಳಿ ಹಿಮ್ಮಡಿಯನ್ನು ತೋರಿಸಿದೆವು. ಮೂರರಲ್ಲೂ ಶುರುವಾಗಿತ್ತು. ಕಪ್ಪು, ಕಂದು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಕೈಯಿಂದ ಮುಟ್ಟಿ ನೋಡಬೇಕು: ಸುತ್ತಲಿಗಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಒತ್ತಿದರೆ ನೋವೋ. ಕಂದು ಚರ್ಮದವರ ನಾಡಿನಲ್ಲಿ ನರ್ಸಿಂಗ್ ಓದಿದ ನಾನು “ಕೆಂಪಾಗುವುದೇ ಮೊದಲ ಲಕ್ಷಣ” ಎಂದು ಬಾಯಿಪಾಠ ಮಾಡಿ ಅಂಕ ತೆಗೆದಿದ್ದೆ. ಇದನ್ನು ಗಟ್ಟಿಯಾಗಿ ಹೇಳಿದೆ. ಪಕ್ಕದಲ್ಲಿದ್ದ ನೈಜೀರಿಯಾದ ನರ್ಸ್ “ನಾನೂ” ಎಂದರು. ಇದೇ ವಿಷಯದ ಇ-ಲರ್ನಿಂಗ್ ನನ್ನ ಫೋಲ್ಡರಿನಲ್ಲಿತ್ತು, ನೂರಕ್ಕೆ ನೂರು ಅಂಕ. ರೀವ್ಯಾಲಿಡೇಶನ್ನಿಗೆ ನಾವು ಕಲಿತದ್ದರ ಬಗ್ಗೆ ಬರೆಯಬೇಕಾದ ಐದು ಚಿಂತನ ಬರಹಗಳಲ್ಲಿ ನನ್ನದೊಂದು ಈ ಹಿಮ್ಮಡಿಯ ಬಗ್ಗೆಯೇ. ಅದನ್ನು ಬರೆಯಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ರೋಗಿಯ ಗುರುತು ಸಿಗುವಂಥದ್ದೇನನ್ನೂ ಬರೆಯಬೇಡಿ, ಅದೊಂದೇ ಎಚ್ಚರ.

ರೀವ್ಯಾಲಿಡೇಶನ್ನಿನ ಉಳಿದ ಬೇಡಿಕೆಗಳಿಗೆ ಹೆದರಬೇಡಿ. ಮೂರು ವರ್ಷದಲ್ಲಿ ಆಗಬೇಕಾದ 450 ಗಂಟೆಯ ಕೆಲಸ ಪೂರ್ಣಾವಧಿ ಮಾಡುವವರಿಗೆ ಹನ್ನೆರಡು ವಾರದಲ್ಲೇ ಆಗಿಹೋಗುತ್ತದೆ. ನಿಮ್ಮ ಕೆಲಸದ ಬಗ್ಗೆ ಬೇರೆಯವರ ಐದು ಅಭಿಪ್ರಾಯಗಳು ಬೇಕು, ರೋಗಿಯ ಮಗಳು ಬಾಯಲ್ಲಿ ಹೇಳಿದ್ದನ್ನು ಬರೆದಿಟ್ಟುಕೊಂಡರೂ ನಡೆಯುತ್ತದೆ. ಚಿಂತನ ಬರಹಗಳ ಬಗ್ಗೆ ಚರ್ಚಿಸಲು ಎನ್‌ಎಂಸಿ ನೋಂದಣಿ ಇರುವ ಒಬ್ಬರು ಬೇಕು, ಚೇಚಿಯೂ ಆದೀತು. ಊರಿನ ನೋಂದಣಿಯನ್ನೂ ಉಳಿಸಿಕೊಂಡಿದ್ದರೆ ಅಲ್ಲಿನ ಲೆಕ್ಕವನ್ನು ಇದಕ್ಕೆ ಬೆರೆಸಬೇಡಿ. ಅದು ಐದು ವರ್ಷಕ್ಕೆ 150 ಗಂಟೆಯ ಬೇರೆಯೇ ವ್ಯವಹಾರ.

ಹಾಗಾಗಿ ಯಾವ ಕೋರ್ಸ್ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ನೀವು ಆಗಲೇ ಕಲಿತಿದ್ದೀರಿ, ಬರೆದಿಟ್ಟಿಲ್ಲ ಅಷ್ಟೆ. 20 ಗಂಟೆಯನ್ನು ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಅರ್ಧ ಗಂಟೆ ಚಿಲ್ಲರೆ. ಮೊದಲು ಬಲಗಡೆಯ ಗುಡ್ಡೆ ತುಂಬಿಸಿ, ನಡುವಿನದು ತಾನಾಗಿ ತುಂಬುತ್ತದೆ. ನಮ್ಮ ವಾರ್ಡಿನಲ್ಲಿ ಹಾಜರಿ ಹಾಳೆಗಳು ಔಷಧಿ ಕೋಣೆಯ ಬಾಗಿಲ ಹಿಂದೆ, ಯಾರೂ ಮುಟ್ಟದ ಒಂದು ನೀಲಿ ಫೈಲಿನಲ್ಲಿದ್ದವು. ನಿಮ್ಮಲ್ಲಿ ಎಲ್ಲಿವೆ ಎಂದು ನಾಳೆಯ ಪಾಳಿಯಲ್ಲೇ ಕೇಳಿ.